ಹಲಸಂಗಿ: ಹಾಡಿನ ಊರು, ನೀರಿನ ಚಿಂತೆ

ಹಲಸಂಗಿ ಅಂದೊಡನೆ ನೆನಪಾಗುವುದು ಗೆಳೆಯರ ಬಳಗ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರ ಈ ಬಳಗ ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡಿತು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಆ ಗರತಿಯರ ಬೀಸುವ ಕಲ್ಲು ಈಗ ಮೂಲೆ ಸೇರಿದೆ. ನೀರಿನ ಚಿಂತೆ ಮಾತ್ರ ಅವರ ಮೊಮ್ಮಕ್ಕಳ ತಲೆಯ ಮೇಲೂ ಇದೆ.

ವಿಜಯಪುರ ಜಿಲ್ಲೆಯ ಈ ಊರು ಮೊದಲು ಇಂಡಿ ತಾಲ್ಲೂಕಿನಲ್ಲಿತ್ತು, ಈಗ ಚಡಚಣಕ್ಕೆ ಸೇರಿದೆ. ಉತ್ತರಕ್ಕೆ ಭೀಮಾ ನದಿ, ಅದರಾಚೆ ಮಹಾರಾಷ್ಟ್ರ. ಮಳೆ ಕಡಿಮೆ. ಜೋಳದ ಎರೆಹೊಲದ ನಡುವೆ ನಿಂಬೆ, ದಾಳಿಂಬೆ, ದ್ರಾಕ್ಷಿ ತೋಟಗಳೆದ್ದಂತೆ ಬೋರುಗಳು ಆಳಕ್ಕಿಳಿದವು. ಆಳಕ್ಕೆ ಹೋದಷ್ಟೂ ನೀರು ಕಲ್ಲಿನೊಡನೆ ಹೆಚ್ಚು ಕಾಲ ಕಳೆದಿರುತ್ತದೆ. ಕಲ್ಲಿನಲ್ಲಿ ಫ್ಲೋರೈಡ್ ಇದ್ದರೆ ಅದನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಇಂಡಿಯ ಕಡೆ ಕರಿಕಲ್ಲು, ಮುದ್ದೇಬಿಹಾಳದ ಕಡೆ ಗ್ರಾನೈಟ್. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಊರಿಂದೂರಿಗೆ, ಒಂದೇ ಊರಿನಲ್ಲಿ ಬೋರಿನಿಂದ ಬೋರಿಗೆ ಲೆಕ್ಕ ಬೇರೆ. ಫ್ಲೋರೈಡ್ ಮಿತಿಮೀರಿದ ಅಂತರ್ಜಲವಿರುವ ಜಿಲ್ಲೆಗಳ ಪಟ್ಟಿಯಲ್ಲಿ ವಿಜಯಪುರವೂ ಇದೆ. ಸವುಳು ನೀರನ್ನು ನಾಲಿಗೆ ಹಿಡಿಯುತ್ತದೆ. ಫ್ಲೋರೈಡಿಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ.

ಇದೇ ಫ್ಲೋರೈಡನ್ನು ಅಮೆರಿಕದಲ್ಲಿ 1945ರಿಂದ, ಹಲ್ಲು ಹುಳುಕಾಗದಿರಲೆಂದು, ನಲ್ಲಿನೀರಿಗೆ ಬೆರೆಸುತ್ತ ಬಂದರು. ಅದು ಬೇಕೇ ಬೇಡವೇ ಎಂಬ ಜಗಳ ಅಲ್ಲಿ ಈಗ ಜೋರಾಗಿದೆ. 2025ರಲ್ಲಿ ಯೂಟಾ, ಫ್ಲೋರಿಡಾ ರಾಜ್ಯಗಳು ಬೆರೆಸುವುದನ್ನೇ ನಿಷೇಧಿಸಿದವು. ಅವರು ಬೆರೆಸುವುದು ಲೀಟರಿಗೆ 0.7 ಮಿಲಿಗ್ರಾಂ. ನಮ್ಮ ಮಾನದಂಡದಲ್ಲಿ 1 ಮಿಲಿಗ್ರಾಂ ಸರಿ, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. 1.5 ದಾಟಿದ ನೀರಿಗೂ ಮಕ್ಕಳ ಬುದ್ಧಿಮಟ್ಟ ತಗ್ಗುವುದಕ್ಕೂ ನಂಟಿದೆ ಎಂದು 2024ರಲ್ಲಿ ಅಮೆರಿಕದ ಸರ್ಕಾರಿ ವರದಿಯೇ ಹೇಳಿತು. 0.7ರ ಬಗ್ಗೆ ಅಲ್ಲಿನ ವಾದ ಮುಗಿದಿಲ್ಲ. 1.5 ಮೀರಿದ ನೀರಿನ ಬಗ್ಗೆ ವಾದಕ್ಕೆ ಕೂಡಬೇಕಾದ ಕಾರಣ ನನಗೆ ಕಾಣುವುದಿಲ್ಲ. ಹಲ್ಲು ಮೂಡುವ ವಯಸ್ಸಿನ ಮಕ್ಕಳಿಗೆ ಅಳಿಸಲಾಗದ ಕಂದು ಕಲೆ. ಪ್ರಮಾಣ ಇನ್ನೂ ಹೆಚ್ಚಿ ವರ್ಷಗಟ್ಟಲೆ ಕುಡಿದರೆ ಬೆನ್ನು ಬಾಗದು, ಮೊಣಕಾಲು ಮಡಚದು. ಒಮ್ಮೆ ಎಲುಬಿಗೆ ಇಳಿದ ಮೇಲೆ ಔಷಧಿಯಿಲ್ಲ.

ರೊಟ್ಟಿಯ ನಾಡಿಗೆ ಇನ್ನೊಂದು ಮಾತು. ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ಮೈಯಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆ ಎಂದು 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಕಂಡುಕೊಂಡರು. ರೊಟ್ಟಿ ಬಿಡಿ ಎಂದು ಯಾರೂ ಹೇಳಬೇಕಿಲ್ಲ. ಜೊತೆಗೆ ಮಜ್ಜಿಗೆ, ಮೊಸರು, ಸೊಪ್ಪು ಇರಲಿ. ಅವುಗಳ ಸುಣ್ಣದಂಶ ಒಂದಿಷ್ಟು ಫ್ಲೋರೈಡನ್ನು ಹೊಟ್ಟೆಯಲ್ಲೇ ತಡೆಯುತ್ತದೆ. ಕುಡಿಯಲು ಫಿಲ್ಟರ್ ನೀರು ತಂದು, ಹಿಟ್ಟು ನಾದಲು, ಬೇಳೆ ಬೇಯಿಸಲು, ಚಹಾಕ್ಕೆ ಅದೇ ಬೋರಿನ ನೀರು ಸುರಿದರೆ ಪ್ರಯೋಜನ ಅರ್ಧ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ.

ಹಳ್ಳಿಗಳಲ್ಲಿ ಎದ್ದಿರುವ ಶುದ್ಧ ನೀರಿನ ಘಟಕಗಳು ಫ್ಲೋರೈಡ್ ತೆಗೆಯುತ್ತವೆ, ಒಳಗಿನ ಸೋಸುವ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದರೆ ಮಾತ್ರ. ಹೊರಬಿಡುವ ಗಡಸು ನೀರು ಮತ್ತೆ ನೆಲಕ್ಕೇ ಇಂಗುತ್ತದೆ. ಹೊಳೆಯ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ; ಭೀಮೆ, ಕೃಷ್ಣೆಯ ನೀರನ್ನು ಶುದ್ಧಗೊಳಿಸಿ ಮನೆಗೆ ಮುಟ್ಟಿಸುವುದೇ ಗಟ್ಟಿ ದಾರಿ. ಅಲ್ಲಿಯವರೆಗೆ ಆಗಬೇಕಾದ ಕೆಲಸ ಸಣ್ಣದು. ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯ 5 ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸಬೇಕು. ಅವರು ಕಂಡ ಅಂಕಿ ಪಂಚಾಯಿತಿಯ ಕಡತದಲ್ಲಿ ಮಲಗಬಾರದು. ಪ್ರತಿ ಬೋರಿನ ಪಕ್ಕ, ಪ್ರತಿ ಟಾಕಿಯ ಮೇಲೆ, ತಾರೀಖಿನ ಸಮೇತ ಬಣ್ಣದಲ್ಲಿ ಬರೆದಿರಲಿ. ಕೊಡ ಹಿಡಿದು ಬಂದವರು ಓದಿಕೊಂಡು ತುಂಬಿಕೊಳ್ಳಲಿ.