ಜೇಕಿಗೂ ಕೆಂಪು ಪಟ್ಟಿಯೇ?

ಪ್ರಶ್ನೆ: ಗದ್ದೆ, ಕೆರೆಯಂಚಿನಲ್ಲೆಲ್ಲ ಬೆಳೆಯುವ ಜೇಕಿನ ಹೆಸರೂ ಕೆಂಪು ಪಟ್ಟಿಯಲ್ಲಿದೆಯಂತೆ. ಅದಕ್ಕೇನು ಅಪಾಯ?

ಉತ್ತರ: ಸದ್ಯಕ್ಕೆ ಅಪಾಯವಿಲ್ಲ. 1964ರಲ್ಲಿ ಆರಂಭವಾದ ಈ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಳಿವಿನಂಚಿನ ಜೀವಿಗಳಷ್ಟೇ ಅಲ್ಲ, ಪರಿಶೀಲಿಸಿದ ಸುರಕ್ಷಿತ ಪ್ರಭೇದಗಳೂ ಇರುತ್ತವೆ. ಒಟ್ಟು 9 ವರ್ಗಗಳಲ್ಲಿ ಜೇಕು, ಅಂದರೆ ಸೈಪರಸ್ ರೊಟಂಡಸ್, ‘ಕನಿಷ್ಠ ಕಾಳಜಿ’ಯದು. ಆಫ್ರಿಕಾ, ಏಷ್ಯಾ, ದಕ್ಷಿಣ ಯುರೋಪಿನ ಬಿಸಿಲು ನಾಡುಗಳಲ್ಲೆಲ್ಲ ಅದು ಹಬ್ಬಿದೆ. ಮೇಲಿನ ಹುಲ್ಲು ಕಿತ್ತರೂ ನೆಲದೊಳಗಿನ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ಬೆಳೆಗಾರರಿಗೆ ಅದರ ಹಟ ಚೆನ್ನಾಗಿ ಗೊತ್ತು.

ಆದರೆ ಒಂದು ಮಾತು ನೆನಪಿರಲಿ. ‘ಕನಿಷ್ಠ ಕಾಳಜಿ’ ಎಂಬುದು ಜಗತ್ತಿನಾದ್ಯಂತದ ಲೆಕ್ಕ, ನಿಮ್ಮೂರಿನ ಕೆರೆಗೆ ಕೊಟ್ಟ ಅಭಯವಲ್ಲ. ಕೆರೆಗೆ ಮಣ್ಣು ತುಂಬಿಸಿದರೆ ಜೇಕು ಬೇರೆಡೆ ಬದುಕೀತು. ಆ ಜೌಗನ್ನೇ ನಂಬಿದ ಕಪ್ಪೆ, ಹಕ್ಕಿಗಳು ಎಲ್ಲಿಗೆ ಹೋಗಬೇಕು?