ನೋಟ್‌ಪ್ಯಾಡ್‌ನಲ್ಲಿ ಶುರುವಾಗುವ ಕಸುಬು

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ‘ಡೂ-ಇಟ್’ ಎಂಬ ಕೇಂದ್ರವಿದೆ. ವಿಕಲಚೇತನ ವಿದ್ಯಾರ್ಥಿಗಳು ವಿಜ್ಞಾನ, ಗಣಿತ, ಕಂಪ್ಯೂಟರ್ ಓದಿನಿಂದ ದೂರ ಉಳಿಯಬಾರದೆಂದು ಶೆರಿಲ್ ಬರ್ಗ್‌ಸ್ಟಾಲರ್ 1992ರಲ್ಲಿ ಕಟ್ಟಿದ ಕೇಂದ್ರ ಇದು. ಹೈಸ್ಕೂಲು ಮಕ್ಕಳಿಗೆ ವೆಬ್ ವಿನ್ಯಾಸ ಕಲಿಸಲು ಇಲ್ಲಿ ಒಂದು ಪಠ್ಯಕ್ರಮ ತಯಾರಾಯಿತು. ‘ವೆಬ್ ಡಿಸೈನ್ ಆ್ಯಂಡ್ ಡೆವಲಪ್‌ಮೆಂಟ್ 1’ ಅದರ ಹೆಸರು. ಒಟ್ಟು ಎಂಟು ಘಟಕಗಳ ಈ ಪಠ್ಯವನ್ನು ಯಾವ ಶಿಕ್ಷಕರು ಬೇಕಾದರೂ ಕಾಸು ಕೊಡದೆ ಬಳಸಬಹುದು. ವೃತ್ತಿಶಿಕ್ಷಣದ ಪಠ್ಯ ಹೇಗಿರಬೇಕು ಎಂಬುದಕ್ಕೆ ನಾನು ಧೈರ್ಯವಾಗಿ ತೋರಿಸಬಲ್ಲ ಮಾದರಿ ಇದು.

ಮೊದಲ ಕಾರಣ, ಅದು ಯಾವ ಕಂಪನಿಯ ತಂತ್ರಾಂಶವನ್ನೂ ನೆಚ್ಚಿಕೊಂಡಿಲ್ಲ. ಎರಡನೇ ಘಟಕದಲ್ಲಿ ವಿದ್ಯಾರ್ಥಿ ನೋಟ್‌ಪ್ಯಾಡ್‌ನಂಥ ಬರಿಯ ಅಕ್ಷರ ಬರೆಯುವ ಸಾಧನ ತೆರೆದು, ಪುಟದ ಯಾವ ಭಾಗ ಏನೆಂದು ಹೇಳುವ ಎಚ್‌ಟಿಎಂಎಲ್ ಟ್ಯಾಗ್‌ಗಳನ್ನು ಕೈಯಾರೆ ಬರೆಯುತ್ತಾನೆ. ಮೂರನೆಯದರಲ್ಲಿ ಪುಟಕ್ಕೆ ಬಣ್ಣ, ಅಂತರ, ಅಕ್ಷರದ ಗಾತ್ರ ಕೊಡುವ ಸಿಎಸ್‌ಎಸ್. ಆಮೇಲೆ ಚಿತ್ರಗಳು, ಜಾವಾಸ್ಕ್ರಿಪ್ಟ್, ತಪ್ಪು ಹುಡುಕುವ ಕೆಲಸ. ಸಿದ್ಧ ತಂತ್ರಾಂಶಗಳ ಸರದಿ ಬರುವುದು ಏಳನೇ ಘಟಕದಲ್ಲಿ, ಹುಡುಗರಿಗೆ ಬುಡದ ಕೆಲಸ ಗೊತ್ತಾದ ಮೇಲೆ.

ಈ ಕ್ರಮದ ಬೆಲೆ ತಿಳಿಯಲು ಹಿಂದಿನ ಇಪ್ಪತ್ತೈದು ವರ್ಷ ನೋಡಿದರೆ ಸಾಕು. ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಒಂದು ಕಾಲಕ್ಕೆ ‘ವೆಬ್ ಡಿಸೈನಿಂಗ್’ ಎಂದರೆ ಫ್ರಂಟ್‌ಪೇಜ್ ಮತ್ತು ಫ್ಲ್ಯಾಶ್ ಎಂಬ ತಂತ್ರಾಂಶಗಳನ್ನು ಕಲಿತು ಸರ್ಟಿಫಿಕೇಟು ಪಡೆಯುವುದು. ಫ್ರಂಟ್‌ಪೇಜ್‌ಗೆ 2003ರ ನಂತರ ಹೊಸ ಆವೃತ್ತಿ ಬರಲಿಲ್ಲ. ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31 ಕಡೆಯ ದಿನವಾಯಿತು. ಯಾವ ಗುಂಡಿ ಎಲ್ಲಿದೆ ಎಂದಷ್ಟೇ ಕಲಿತವರ ವಿದ್ಯೆ ಆ ತಂತ್ರಾಂಶದ ಜೊತೆಗೇ ಮುಗಿಯಿತು. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಎಚ್‌ಟಿಎಂಎಲ್‌ನಲ್ಲಿ ಪ್ರಕಟಿಸಿದ ಮೊದಲ ವೆಬ್ ಪುಟವಾದರೋ ಇವತ್ತಿನ ಬ್ರೌಸರ್‌ನಲ್ಲೂ ತೆರೆದುಕೊಳ್ಳುತ್ತದೆ. ಹದಿನೈದರ ಮಕ್ಕಳಿಗೆ ವೃತ್ತಿ ಕಲಿಸುವಾಗ ಅವರ ಮುಂದಿನ ನಲವತ್ತು ವರ್ಷದ ದುಡಿಮೆ ನಮ್ಮ ಕಣ್ಣ ಮುಂದಿರಬೇಕು.

ಎರಡನೇ ಕಾರಣ ನನಗೆ ಇನ್ನೂ ಮುಖ್ಯ. ‘ಎಲ್ಲರೂ ಬಳಸುವಂತೆ ಕಟ್ಟು’ ಎಂಬ ಮಾತು ಈ ಪಠ್ಯದಲ್ಲಿ ಕೊನೆಗೆ ಅಂಟಿಸಿದ ಅಧ್ಯಾಯವಾಗಿ ಬರುವುದಿಲ್ಲ. ಮೊದಲ ಘಟಕದಿಂದಲೇ ಹಾಸುಹೊಕ್ಕಾಗಿದೆ. ದೃಷ್ಟಿಯಿಲ್ಲದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ, ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶದಿಂದ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್‌ನಲ್ಲಿ ‘ಎಚ್’ ಕೀಲಿ ಒತ್ತಿದರೆ ಒಂದು ಶೀರ್ಷಿಕೆಯಿಂದ ಮುಂದಿನ ಶೀರ್ಷಿಕೆಗೆ ಹಾರಬಹುದು. ಆದರೆ ಆ ಸಾಲಿಗೆ ಶೀರ್ಷಿಕೆಯ ಟ್ಯಾಗ್ ಇದ್ದರೆ ಮಾತ್ರ. ಬರೀ ಅಕ್ಷರ ದಪ್ಪ ಮಾಡಿ ದೊಡ್ಡದು ಮಾಡಿದರೆ ಕಣ್ಣಿದ್ದವರಿಗೆ ಅದು ಶೀರ್ಷಿಕೆ. ಸ್ಕ್ರೀನ್ ರೀಡರ್ ಪಾಲಿಗೆ ಅದೂ ಒಂದು ಸಾಲು. ಮೌಸ್ ಹಿಡಿಯಲಾಗದವರು ‘ಟ್ಯಾಬ್’ ಕೀಲಿಯಿಂದಲೇ ಪುಟವಿಡೀ ಓಡಾಡಬೇಕು. ಬಿಳಿ ಹಿನ್ನೆಲೆಯ ಮೇಲೆ ತೆಳು ಬೂದು ಬಣ್ಣದ ಅಕ್ಷರ ಚೆಂದ ಕಾಣಬಹುದು, ಮಂದದೃಷ್ಟಿಯ ಅಜ್ಜಿಗೆ ಅದು ಕಾಣುವುದೇ ಇಲ್ಲ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ವ್ಯತ್ಯಾಸವಿರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ.

ಚಿತ್ರಕ್ಕೆ ಬದಲಿ ಪಠ್ಯ ಬರೆಯುವ ಪಾಠವಂತೂ ಭಾಷೆಯ ಪಾಠವೇ. ಶಾಲೆಯ ಕ್ರೀಡಾಕೂಟದ ಫೋಟೊ ಹಾಕಿ, ಅದಕ್ಕೆ ‘ಚಿತ್ರ 1’ ಎಂದು ಬರೆದರೆ ಕೇಳುವವರಿಗೆ ಏನೂ ತಿಳಿಯದು. ‘ಕಬಡ್ಡಿ ಗೆದ್ದ ಎಂಟನೇ ತರಗತಿಯ ಹುಡುಗಿಯರು ಟ್ರೋಫಿ ಎತ್ತಿ ಹಿಡಿದಿದ್ದಾರೆ’ ಎಂದರೆ ತಿಳಿಯಿತು. ಅಂಚಿನ ಬಳ್ಳಿಯಂಥ ಬರೀ ಅಲಂಕಾರಕ್ಕೆ ಆ ಜಾಗ ಖಾಲಿ ಬಿಡಬೇಕು; ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಬೇಡದ್ದನ್ನೆಲ್ಲ ಓದುತ್ತ ಕೂರುತ್ತದೆ. ಯಾವ ಚಿತ್ರ ಏಕೆ ಅಲ್ಲಿದೆ ಎಂದು ವಿದ್ಯಾರ್ಥಿ ಯೋಚಿಸಿಯೇ ತೀರಬೇಕು. ನಮ್ಮಲ್ಲಿ ಈ ಪಾಠವನ್ನು ಕನ್ನಡ ಮೇಷ್ಟ್ರೂ ಕಂಪ್ಯೂಟರ್ ಮೇಷ್ಟ್ರೂ ಸೇರಿ ಮಾಡಿದರೆ ಚೆನ್ನ.

ಎಂಟನೇ ಘಟಕದಲ್ಲಿ ಮಕ್ಕಳು ಬೇರೊಬ್ಬರಿಗಾಗಿ ತಾಣ ಕಟ್ಟುತ್ತಾರೆ. ಅವರಿಗೆ ಏನು ಬೇಕು, ನೋಡಲು ಬರುವವರು ಯಾರು ಎಂದು ಕೇಳಿ ತಿಳಿಯಬೇಕು, ಮಾಡಿದ್ದನ್ನು ತೋರಿಸಬೇಕು, ಅವರು ಹೇಳಿದಂತೆ ತಿದ್ದಬೇಕು. ಪಠ್ಯಕ್ರಮ ಕಸುಬಾಗುವುದು ಇಲ್ಲಿ.

ಕರ್ನಾಟಕದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ (ಎನ್‌ಎಸ್‌ಕ್ಯೂಎಫ್) ಅಡಿ ಒಂಬತ್ತನೇ ತರಗತಿಯಿಂದ ಮಾಹಿತಿ ತಂತ್ರಜ್ಞಾನವನ್ನು ವೃತ್ತಿ ವಿಷಯವಾಗಿ ಓದಬಹುದು. ಸಿಬಿಎಸ್‌ಇಯಲ್ಲಿ ಹನ್ನೊಂದು, ಹನ್ನೆರಡನೇ ತರಗತಿಗೆ ‘ವೆಬ್ ಅಪ್ಲಿಕೇಷನ್’ ಎಂಬ ಕೌಶಲ ವಿಷಯವೇ ಇದೆ. ಈ ತರಗತಿಗಳಿಗೆ ಸಿಯಾಟಲ್‌ನ ಪಾಠಗಳನ್ನು ತರುವುದಾದರೆ, ಕನ್ನಡಕ್ಕೆ ಬೇಕಾದ ಕೆಲವನ್ನು ನಾವೇ ಸೇರಿಸಬೇಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಇಕ್ಕಟ್ಟು. ಪುಟದ ಭಾಷೆ ಕನ್ನಡ ಎಂದು ಮೊದಲ ಟ್ಯಾಗ್‌ನಲ್ಲೇ ನಮೂದಿಸಿದರೆ ಸ್ಕ್ರೀನ್ ರೀಡರ್ ಕನ್ನಡದ ಧ್ವನಿಗೆ ಹೊರಳಬಲ್ಲದು. ಎನ್‌ವಿಡಿಎ ಜೊತೆ ಬರುವ ಇ-ಸ್ಪೀಕ್‌ನಲ್ಲಿ ಕನ್ನಡವೂ ಇದೆ. ಯೂನಿಕೋಡ್ ಬಿಟ್ಟು ಹಳೆಯ ಫಾಂಟಿನಲ್ಲಿ ಬರೆದದ್ದು ಅದರ ಬಾಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತದೆ. ಸುತ್ತೋಲೆಯನ್ನು ಮೊಬೈಲ್‌ನಲ್ಲಿ ಫೋಟೊ ಹೊಡೆದು ತಾಣಕ್ಕೆ ಏರಿಸುವ ರೂಢಿ ನಮ್ಮಲ್ಲಿ ವಿಪರೀತ. ಜೊತೆಗೆ ಪಠ್ಯ ಕೊಡದಿದ್ದರೆ ಕುರುಡು ವಿದ್ಯಾರ್ಥಿಗೆ ಪರೀಕ್ಷೆಯ ತಾರೀಖು ಬೇರೆಯವರ ಬಾಯಿಂದಲೇ ತಿಳಿಯಬೇಕಾಗುತ್ತದೆ. ಇದು ನನ್ನನ್ನು ಕಾಡುವ ಅನ್ಯಾಯ.

ಖರ್ಚಿನ ಮಾತಿಗೆ ಬಂದರೆ, ಹಳೆಯ ಕಂಪ್ಯೂಟರೇ ಆಗುತ್ತದೆ. ಎಚ್‌ಟಿಎಂಎಲ್ ಪುಟ ಇಂಟರ್‌ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯುತ್ತದೆ. ಎನ್‌ವಿಡಿಎಯನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಎಂಟನೇ ಘಟಕಕ್ಕೆ ಬೇಕಾದ ‘ಗಿರಾಕಿ’ಗಳು ಶಾಲೆಯ ಸುತ್ತಲೇ ಇದ್ದಾರೆ: ಊರ ಗ್ರಂಥಾಲಯ, ಹಾಲಿನ ಸೊಸೈಟಿ, ಮಹಿಳಾ ಸ್ವಸಹಾಯ ಸಂಘ. ಟ್ಯಾಗ್ ಬಲ್ಲ ಶಿಕ್ಷಕರೊಬ್ಬರನ್ನೂ ವಾರಕ್ಕೆ ನಾಲ್ಕಾರು ಪಿರಿಯಡ್‌ಗಳನ್ನೂ ಇಲಾಖೆ ಒದಗಿಸಬೇಕು. ಪಾಠಗಳಂತೂ ಸಿದ್ಧವಾಗಿಯೇ ಇವೆ.