ಮಂದ ಬೆಳಕಿನಲ್ಲಿ ಫೋಟೋ: ಐಎಸ್‌ಒ ಎಷ್ಟಿರಬೇಕು?

ಚರ್ಚಿನ ಒಳಗೆ ತೆಗೆದ ಫೋಟೋಗಳು ಹೆಚ್ಚಾಗಿ ಎರಡು ಬಗೆಯಲ್ಲಿ ಕೆಡುತ್ತವೆ. ಒಂದೋ ಮುಖಗಳು ಕದಲಿರುತ್ತವೆ, ಇಲ್ಲವೇ ಚಿತ್ರವೆಲ್ಲ ಕಾಳುಕಾಳಾಗಿರುತ್ತದೆ. ಎರಡಕ್ಕೂ ಕ್ಯಾಮೆರಾದ ಐಎಸ್‌ಒ ಸಂಖ್ಯೆಗೂ ಸಂಬಂಧವಿದೆ. ಮಗು ಪ್ರಥಮ ಪರಮಪ್ರಸಾದ ಸ್ವೀಕರಿಸುವ ಕ್ಷಣ ಮತ್ತೆ ಬರುವುದಿಲ್ಲ. ಆದ್ದರಿಂದ ಫೋಟೋ ತೆಗೆಯುವವರು ಇದನ್ನು ಮೊದಲೇ ತಿಳಿದಿರುವುದು ಒಳಿತು.

ಫಿಲ್ಮಿನ ಕಾಲದಲ್ಲಿ ಅಮೆರಿಕದ ಎಎಸ್‌ಎ, ಜರ್ಮನಿಯ ಡಿಐಎನ್ ಎಂಬ ಅಳತೆಗಳಿದ್ದವು. 1974ರಿಂದ ಅವೆರಡೂ ಐಎಸ್‌ಒ ಎಂಬ ಒಂದೇ ಹೆಸರಿನಡಿ ಸೇರಿದವು. ಆಗ ರೋಲ್ ಮುಗಿಯುವ ತನಕ ಒಂದೇ ಸಂಖ್ಯೆ. ಡಿಜಿಟಲ್ ಕ್ಯಾಮೆರಾದಲ್ಲಿ ಪ್ರತಿ ಫೋಟೋಗೂ ಬದಲಿಸಬಹುದು.

ಐಎಸ್‌ಒ ಇಮ್ಮಡಿಯಾದರೆ ಅರ್ಧದಷ್ಟು ಬೆಳಕು ಸಾಕಾಗುತ್ತದೆ. 100ರಲ್ಲಿ ಶಟರ್ 1/15 ಸೆಕೆಂಡು ತೆರೆದಿರಬೇಕಾದ ಕಡೆ, 800ರಲ್ಲಿ 1/125 ಸೆಕೆಂಡು ಸಾಕು. 1/15ರಲ್ಲಿ ನಡೆಯುವವರು ಮಸುಕಾಗುತ್ತಾರೆ. 1/125ರಲ್ಲಿ ಸಾಮಾನ್ಯವಾಗಿ ಸ್ಪಷ್ಟವಾಗಿ ಕಾಣುತ್ತಾರೆ.

ಹಾಗಾದರೆ ಯಾವಾಗಲೂ ಹೆಚ್ಚೇ ಇಡಬಾರದೇಕೆ? ಐಎಸ್‌ಒ ಏರಿಸಿದರೆ ಒಳಬರುವ ಬೆಳಕು ಹೆಚ್ಚುವುದಿಲ್ಲ. ಬಂದಷ್ಟನ್ನೇ ಕ್ಯಾಮೆರಾ ಹಿಗ್ಗಿಸುತ್ತದೆ. ಮೆಲ್ಲಗೆ ಮಾತನಾಡುವವರಿಗಾಗಿ ಮೈಕಿನ ಸದ್ದು ಏರಿಸಿದಾಗ ಗರಗರ ಶಬ್ದವೂ ಏರುವಂತೆ, ಇಲ್ಲಿ ಕಾಳುಗಳು ಎದ್ದು ಕಾಣುತ್ತವೆ.

ಈ ಸಂಖ್ಯೆಗಳಿಂದ ಆರಂಭಿಸಬಹುದು:

* ಬಿಸಿಲಿನಲ್ಲಿ ಮೆರವಣಿಗೆ: 100ರಿಂದ 200
* ಮೋಡ, ಮರದ ನೆರಳು: 400
* ದೀಪ ಬೆಳಗಿದ ಚರ್ಚ್, ಸಭಾಭವನ: 800ರಿಂದ 1600
* ಈಸ್ಟರ್ ಜಾಗರಣೆಯ ಮೇಣದಬತ್ತಿಯ ಬೆಳಕು: 3200 ಅಥವಾ ಹೆಚ್ಚು

ಫ್ಲ್ಯಾಶ್ ಇದಕ್ಕೆ ಪರಿಹಾರವಲ್ಲ. ಕ್ಯಾಮೆರಾದಲ್ಲೇ ಇರುವ ಚಿಕ್ಕ ಫ್ಲ್ಯಾಶ್ ಕೆಲವೇ ಮೀಟರ್ ದೂರ ತಲುಪುತ್ತದೆ. ಹಿಂದಿನ ಬೆಂಚಿನಿಂದ ಹಾಕಿದರೆ ಮುಂದೆ ಕುಳಿತವರ ತಲೆಗಳು ಬೆಳಗುತ್ತವೆ, ಬಲಿಪೀಠ ಕತ್ತಲೆಯಲ್ಲೇ ಉಳಿಯುತ್ತದೆ. ಪ್ರಾರ್ಥನೆಯಲ್ಲಿರುವವರಿಗೂ ಅಡ್ಡಿ.

ಕ್ರಮ ಹೀಗಿರಲಿ: ಮೊದಲು ಅಪರ್ಚರನ್ನು ಆದಷ್ಟು ಅಗಲವಾಗಿ ತೆರೆಯಿರಿ, ಅಂದರೆ ಎಫ್ ಸಂಖ್ಯೆ ಚಿಕ್ಕದಿರಲಿ. ನಂತರ ನಿಂತವರಿಗೆ 1/60, ನಡೆಯುವವರಿಗೆ 1/125 ಶಟರ್ ವೇಗ ನಿಗದಿ ಮಾಡಿ. ಫೋಟೋ ಇನ್ನೂ ಕಪ್ಪಾಗಿದ್ದರೆ ಮಾತ್ರ ಐಎಸ್‌ಒ ಏರಿಸಿ. ಆಟೋ ಐಎಸ್‌ಒ ಬಳಸುವವರು ಗರಿಷ್ಠ ಮಿತಿಯನ್ನು ಮೊದಲೇ ನಿಗದಿಪಡಿಸಬಹುದು. ಕಾರ್ಯಕ್ರಮ ಆರಂಭಕ್ಕೆ ಮುನ್ನವೇ ಒಂದೆರಡು ಫೋಟೋ ತೆಗೆದು, ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಹೊರಗೆ ಬಂದಾಗ ಸಂಖ್ಯೆ ಮತ್ತೆ ಇಳಿಸಲು ಮರೆಯದಿರಿ.

ಸಂದೇಹವಿದ್ದಲ್ಲಿ ಒಂದು ಹೆಜ್ಜೆ ಮೇಲಿನ ಸಂಖ್ಯೆಯನ್ನೇ ಆರಿಸಿ. ಕಾಳುಗಳನ್ನು ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ತಗ್ಗಿಸಬಹುದು. ಚಿತ್ರ ಚಿಕ್ಕದಾಗಿ ಪ್ರಕಟವಾದಾಗ ಅವು ಅಷ್ಟಾಗಿ ಕಾಣುವುದೂ ಇಲ್ಲ. ಕದಲಿದ ಮುಖವನ್ನು ಸರಿಪಡಿಸುವುದು ಕಷ್ಟ.